ಮನೆಯಲ್ಲೇ ಪಿಜ್ಜಾ, ಟಿವಿಯಲ್ಲಿ ಫುಟ್‌ಬಾಲ್: ಒಲೆ ಮುಂದೆ ನಿಲ್ಲುವವರಿಗೂ ಮ್ಯಾಚ್ ಸಿಗಬೇಕು

ಸೇಡಂರಸ್ತೆ_ಮನೆ (ಕಲಬುರಗಿ)

ಈ ಶನಿವಾರ ನಮ್ಮ ಮನೆಯಲ್ಲಿ ಒಂದು ಹತ್ತು ಜನ ಸೇರುತ್ತಿದ್ದೇವೆ. ಅಕ್ಕಪಕ್ಕದವರು, ಇಬ್ಬರು ಮಾವನ ಮಕ್ಕಳು, ನಮ್ಮ ಅವ್ವ. ಇಂಗ್ಲಿಷ್ ಪ್ರೀಮಿಯರ್ ಲೀಗ್ ಮ್ಯಾಚ್ ಇದೆ, ರಾತ್ರಿ 8:30ಕ್ಕೆ ಶುರು. ಹೊರಗಿಂದ ತರಿಸುವ ಬದಲು ಪಿಜ್ಜಾ ಮನೆಯಲ್ಲೇ ಮಾಡೋಣ ಅಂತ ಎಲ್ಲರೂ ಹೇಳುತ್ತಿದ್ದಾರೆ. ಓವನ್ ಇಲ್ಲ. ಎರಡು ಬರ್ನರಿನ ಗ್ಯಾಸ್ ಒಲೆ ಇದೆ, ರೊಟ್ಟಿ ಬಡಿಯುವ ಕಬ್ಬಿಣದ ಹಂಚುಗಳಿವೆ.

ನನ್ನ ಪ್ರಶ್ನೆ ಬರೀ ರೆಸಿಪಿಯದ್ದಲ್ಲ. ನಮ್ಮ ಮನೆಯಲ್ಲಿ ಫುಟ್‌ಬಾಲ್ ಹುಚ್ಚು ಎಲ್ಲರಿಗಿಂತ ಜಾಸ್ತಿ ಇರುವುದು ನಮ್ಮ ತಂಗಿಗೆ. ಕಾಲೇಜಿನಲ್ಲಿ ಆಡಿದವಳು. ಯಾರು ಎಲ್ಲಿ ನಿಂತಿದ್ದಾರೆ, ಯಾಕೆ ನಿಂತಿದ್ದಾರೆ ಅಂತ ಅವಳು ಹೇಳಿದರೆ ನಮಗೆ ಆಟ ತಿಳಿಯುತ್ತದೆ. ಆದರೆ ಜನ ಸೇರಿದಾಗ ಒಲೆ ಮುಂದೆ ನಿಲ್ಲುವವಳೂ ಅವಳೇ. ಈ ಸಲ ಅವಳು ಶುರುವಿನಿಂದ ಕೊನೆ ಸೀಟಿಯವರೆಗೆ ಟಿವಿ ಮುಂದೆಯೇ ಕೂರಬೇಕು. ಅಡುಗೆಯನ್ನು ಹೇಗೆ ಹೊಂದಿಸಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಆಫ್‌ಸೈಡ್_ಅಲ್ಲ (ಕಲಬುರಗಿ)

ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು ಸರ್. 2022ರ ಡಿಸೆಂಬರ್ 18, ಲುಸೈಲ್‌ನಲ್ಲಿ ವಿಶ್ವಕಪ್ ಫೈನಲ್. ಅದೂ ನಮಗೆ ರಾತ್ರಿ 8:30ಕ್ಕೇ ಶುರುವಾಗಿತ್ತು. 80ನೇ ನಿಮಿಷದ ತನಕ ಅರ್ಜೆಂಟೀನಾ 2-0 ಮುಂದಿತ್ತು. ಇನ್ನೇನು ಮುಗೀತು ಅಂತ ನಮ್ಮ ವಹಿನಿ ಎಲ್ಲರಿಗೂ ಚಹಾ ಇಡಲು ಒಳಗೆ ಹೋದರು. ಎದುರಾಳಿ ಫ್ರಾನ್ಸಿನ ಎಂಬಾಪೆ 97 ಸೆಕೆಂಡಿನ ಒಳಗೆ ಎರಡು ಗೋಲು ಹೊಡೆದ. ಅವರು ಟ್ರೇ ಹಿಡಿದು ಬಂದಾಗ 2-2 ಆಗಿತ್ತು. ರಿಪ್ಲೇ ಎಷ್ಟು ಸಲ ತೋರಿಸಿದರೂ ಆ ಹೊತ್ತು ಮತ್ತೆ ಸಿಗುತ್ತದೆಯೇ? ಆವತ್ತಿನಿಂದ ನಮ್ಮ ಮನೆಯಲ್ಲಿ ಚೆಂಡು ಆಟದಲ್ಲಿರುವಾಗ ಯಾರೂ ಅಡುಗೆಮನೆಗೆ ಹೋಗುವ ಹಾಗಿಲ್ಲ.

ಹೊತ್ತಿನ ಲೆಕ್ಕ ಹೇಳುತ್ತೇನೆ. ಮೊದಲ ಅರ್ಧ 45 ನಿಮಿಷ, ಅದರ ಮೇಲೆ ರೆಫರಿ ಸೇರಿಸುವ ಎರಡೋ ಮೂರೋ ನಿಮಿಷ. ಹಾಫ್‌ಟೈಮ್ ಸುಮಾರು 9:18ಕ್ಕೆ ಬರುತ್ತದೆ. ಬಿಡುವು 15 ನಿಮಿಷ. 9:33ರ ಹೊತ್ತಿಗೆ ಮತ್ತೆ ಶುರು, 10:25ರ ಆಸುಪಾಸಿಗೆ ಮುಗಿಯುತ್ತದೆ. ಹಾಗಾಗಿ ಪಿಜ್ಜಾಕ್ಕೆ ಎರಡೇ ಸರದಿ. ಒಂದು 8:30ಕ್ಕೆ ಮುಂಚೆ, ಇನ್ನೊಂದು ಹಾಫ್‌ಟೈಮಿನಲ್ಲಿ.

ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ ಮಧ್ಯಾಹ್ನ 3 ಗಂಟೆಯ ಮ್ಯಾಚ್ ನಮಗೆ ಚಳಿಗಾಲದಲ್ಲಿ 8:30, ಬೇಸಿಗೆಯಲ್ಲಿ 7:30. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರ ಮುಂದೆ ಮಾಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ ಮಾಡುತ್ತಾರೆ. ಜನರನ್ನು ಕರೆಯುವ ಮೊದಲು ಇದನ್ನು ನೋಡಿಕೊಳ್ಳಿ.

ಬೀದರ್_ಭಟ್ಟಿ (ಬೀದರ್)

ಹಿಟ್ಟಿನ ವಿಷಯ ನನಗೆ ಬಿಡಿ. ನಮ್ಮ ಬೀದರ್‌ನಲ್ಲಿ ನಾನ್ ಭಟ್ಟಿಯವರು ಹಿಟ್ಟು ಹುದುಗಿಸುವುದನ್ನು ನೋಡುತ್ತಲೇ ಬೆಳೆದವನು ನಾನು. ಪಿಜ್ಜಾಕ್ಕೂ ಮುಖ್ಯ ಅದೇ.

ಹತ್ತು ಜನಕ್ಕೆ 750 ಗ್ರಾಂ ಮೈದಾ ತಗೊಳ್ಳಿ. ನೀರು 480 ಎಂಎಲ್, ಉಪ್ಪು 15 ಗ್ರಾಂ, ಒಣ ಇನ್‌ಸ್ಟಂಟ್ ಈಸ್ಟ್ ಒಂದು ಸಣ್ಣ ಚಮಚ. ಕೊನೆಗೆ ಎರಡು ಚಮಚ ಶೇಂಗಾ ಎಣ್ಣೆ. ಆಲಿವ್ ಎಣ್ಣೆಯೇ ಆಗಬೇಕು ಅಂತೇನಿಲ್ಲ. ನಮ್ಮ ಕಡೆಯ ಕುಸುಬಿ ಎಣ್ಣೆಗೆ ಸ್ವಲ್ಪ ವಾಸನೆ ಇರುತ್ತದೆ, ಇದಕ್ಕೆ ಶೇಂಗಾ ಎಣ್ಣೆಯೇ ವಾಸಿ. ಪರಾತದಲ್ಲಿ ಹಾಕಿ ಹತ್ತು ನಿಮಿಷ ಚೆನ್ನಾಗಿ ನಾದಿ. ಮೊದಲು ಕೈಗೆ ಅಂಟುತ್ತದೆ. ಅಂಟಿತು ಅಂತ ಮೈದಾ ಸುರಿಯುತ್ತಾ ಹೋಗಬೇಡಿ. ನಾದುತ್ತಾ ಹೋದಂತೆ ಅದೇ ನುಣ್ಣಗಾಗುತ್ತದೆ.

ಇದನ್ನು ಶುಕ್ರವಾರ ರಾತ್ರಿಯೇ ಕಲಸಿ. ಮುಚ್ಚಳವಿರುವ ಡಬ್ಬಿಗೆ ಎಣ್ಣೆ ಸವರಿ, ಹಿಟ್ಟು ಹಾಕಿ ಫ್ರಿಜ್‌ನಲ್ಲಿಡಿ. ಡಬ್ಬಿ ದೊಡ್ಡದಿರಲಿ, ಹಿಟ್ಟು ಉಬ್ಬುತ್ತದೆ. ತಣ್ಣಗಿದ್ದಾಗ ಈಸ್ಟ್ ನಿಧಾನವಾಗಿ ಕೆಲಸ ಮಾಡುತ್ತದೆ, ಅದರಿಂದಲೇ ರುಚಿ ಬರುತ್ತದೆ. ಶನಿವಾರ ಮಧ್ಯಾಹ್ನ 3 ಗಂಟೆಗೆ ತೆಗೆದು ಒಂಬತ್ತು ಉಂಡೆ ಮಾಡಿ, ಒದ್ದೆ ಬಟ್ಟೆ ಮುಚ್ಚಿಡಿ. ಈಗ ಡಿಸೆಂಬರ್ ಚಳಿ, ಎರಡು ತಾಸು ಬೇಕಾಗುತ್ತದೆ. ಮೇ ತಿಂಗಳಲ್ಲಾದರೆ ನಮ್ಮ ಬಿಸಿಲಿಗೆ ಅರ್ಧ ತಾಸಿಗೆಲ್ಲ ಉಬ್ಬಿ ನಿಲ್ಲುತ್ತದೆ. ಗಡಿಯಾರ ನೋಡಬೇಡಿ, ಉಂಡೆ ನೋಡಿ.

ನೇಪಲ್ಸ್‌ನವರು 430 ಡಿಗ್ರಿಗಿಂತ ಜಾಸ್ತಿ ಬಿಸಿಯ ಕಟ್ಟಿಗೆ ಒಲೆಯಲ್ಲಿ ಒಂದೂವರೆ ನಿಮಿಷದ ಒಳಗೆ ಪಿಜ್ಜಾ ಸುಟ್ಟು ತೆಗೆಯುತ್ತಾರೆ. ಅವರ ಆ ಕಲೆಯನ್ನು 2017ರಲ್ಲಿ ಯುನೆಸ್ಕೋ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಮನೆಯ ಹಂಚಿನಲ್ಲಿ ಆ ಬಿಸಿ ಬರುವುದಿಲ್ಲ. ಅದಕ್ಕೆ ದಾರಿ ಬೇರೆ. ಉಂಡೆಯನ್ನು ತಟ್ಟೆಯಗಲ ತೆಳ್ಳಗೆ ಒತ್ತಿ, ಕಾದ ಹಂಚಿನ ಮೇಲೆ ಎರಡು ನಿಮಿಷ ಬೇಯಿಸಿ. ಕಂದು ಚುಕ್ಕಿ ಬಂದ ಮೇಲೆ ತಿರುವಿ ಅರ್ಧ ನಿಮಿಷ ಇಟ್ಟು ತೆಗೆದುಬಿಡಿ. ಒಂಬತ್ತನ್ನೂ 7 ಗಂಟೆಯೊಳಗೆ ಹೀಗೆ ಅರೆಬೇಯಿಸಿ ಇಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ತಿನ್ನುವ ಹೊತ್ತಿಗೆ, ಚೆನ್ನಾಗಿ ಬೆಂದ ಮಗ್ಗುಲು ಮೇಲೆ ಬರುವಂತೆ ಹಂಚಿಗೆ ಹಾಕಿ. ಅದರ ಮೇಲೆ ಸಾಸ್, ಚೀಸ್. ಉರಿ ಸಣ್ಣ ಮಾಡಿ ಮುಚ್ಚಳ ಮುಚ್ಚಿ. ಐದಾರು ನಿಮಿಷ ಸಾಕು.

ಕೋಟೆ_ಹುಡುಗ (ಕಲಬುರಗಿ)

ನಮ್ಮಲ್ಲಿ ಓಟಿಜಿ (ಕರೆಂಟಿನ ಸಣ್ಣ ಓವನ್) ಇದೆ. ಪಿಜ್ಜಾ ಕಲ್ಲು ಅಂತ ಮಾರುತ್ತಾರಲ್ಲ, ಬೆಲೆ ಜಾಸ್ತಿ. ಶಹಾಬಾದ್ ಫರ್ಶಿಯ ಒಂದು ತುಂಡು ಒಳಗಿಟ್ಟರೆ ಆಗುವುದಿಲ್ಲವೇ? ಮನೆ ಹಿಂದೆ ಬೇಕಾದಷ್ಟು ಬಿದ್ದಿವೆ.

ಶಹಾಬಾದ್_ಫರ್ಶಿ (ಶಹಾಬಾದ್)

ತಮ್ಮಾ, ಬೇಡ. ನಾನು ಈ ಕಲ್ಲಿನ ಕೆಲಸದಲ್ಲೇ ಇರುವವನು. ನಮ್ಮ ಫರ್ಶಿ ಸುಣ್ಣದ ಕಲ್ಲು. ಪದರ ಪದರವಾಗಿ ಕೂತಿರುತ್ತದೆ. ಅದಕ್ಕೇ ಅಷ್ಟು ಚೆನ್ನಾಗಿ ಹಾಸುಗಲ್ಲಾಗಿ ಸೀಳಿ ಬರುತ್ತದೆ. ಆದರೆ ಅದೇ ಗುಣ ಒಲೆಯಲ್ಲಿ ತೊಂದರೆ ಕೊಡುತ್ತದೆ. ಪದರದ ನಡುವೆ ತೇವ ಇರುತ್ತದೆ, ಬಿಸಿಗೆ ಅದು ಉಗಿಯಾಗುತ್ತದೆ. ಕಲ್ಲು ಸೀಳಬಹುದು, ಚಕ್ಕೆ ಸಿಡಿಯಬಹುದು. ಪಾಲಿಶ್ ಮಾಡಿದ ತುಂಡಾದರೆ ಮೇಲೆ ಏನೇನು ಬಳಿದಿರುತ್ತಾರೋ, ಅದರ ಮೇಲೆ ಊಟದ ವಸ್ತು ಇಡಲೇಬಾರದು. ಮನೆಯಲ್ಲಿ ಮಕ್ಕಳಿದ್ದಾರೆ ಅಂದ ಮೇಲೆ ಇಂಥ ಪ್ರಯೋಗ ಯಾಕೆ?

ರೊಟ್ಟಿಯ ದಪ್ಪ ಕಬ್ಬಿಣದ ಹಂಚನ್ನೇ ಬೋರಲು ಹಾಕಿ ಓಟಿಜಿಯಲ್ಲಿಡು. ಹಿಡಿಕೆ ಪ್ಲಾಸ್ಟಿಕ್ಕಿನದ್ದೋ ಕಟ್ಟಿಗೆಯದ್ದೋ ಆಗಿರಬಾರದು. 250 ಡಿಗ್ರಿಗೆ ಇಟ್ಟು ಅರ್ಧ ತಾಸು ಕಾಯಲಿ, ಆಮೇಲೆ ಪಿಜ್ಜಾ ಅದರ ಮೇಲೆ ಜಾರಿಸು. ಕಬ್ಬಿಣ ಕಲ್ಲಿಗಿಂತ ಬೇಗ ಬಿಸಿ ಬಿಟ್ಟುಕೊಡುತ್ತದೆ, ತಳ ಗರಿಗರಿ ಆಗುತ್ತದೆ. ಫರ್ಶಿ ಮೇಲೆ ಕೂತು ತಿನ್ನು, ಅದಕ್ಕೆ ಅದರಷ್ಟು ತಂಪು ಜಾಗ ಇನ್ನೊಂದಿಲ್ಲ.

ಯಾದಗಿರಿ_ಅಕ್ಕ (ಯಾದಗಿರಿ)

ನಿಮ್ಮ ಅವ್ವ ಮೈದಾ ತಿನ್ನುತ್ತಾರೆಯೇ? ನಮ್ಮ ಅತ್ತೆಯವರಿಗೆ ಆಗುವುದಿಲ್ಲ. ಅವರಿಗೆ ಜೋಳದ ಖಡಕ್ ರೊಟ್ಟಿ ಮೇಲೆ ಮಾಡಿಕೊಡುತ್ತೇನೆ. ಜೋಳದ ಹಿಟ್ಟನ್ನು ಪಿಜ್ಜಾದ ಹಿಟ್ಟಿನಂತೆ ಉಬ್ಬಿಸಲು ಹೋಗಬೇಡಿ. ಜೋಳದಲ್ಲಿ ಗ್ಲೂಟನ್ ಇಲ್ಲ. ಎಳೆದರೆ ಹರಿಯುತ್ತದೆ, ಈಸ್ಟಿನ ಗಾಳಿ ಒಳಗೆ ನಿಲ್ಲುವುದಿಲ್ಲ. ಸುಡು ನೀರು ಹಾಕಿ ನಾದಿ ಕೈಯಲ್ಲಿ ಬಡಿಯುತ್ತೇವಲ್ಲ, ಜೋಳಕ್ಕೆ ಅದೇ ಸರಿಯಾದ ರೀತಿ. ಮೊದಲೇ ಸುಟ್ಟ ಖಡಕ್ ರೊಟ್ಟಿ ತಗೊಂಡು, ಗಟ್ಟಿ ಸಾಸ್ ತೆಳ್ಳಗೆ ಸವರಿ, ಚೀಸ್ ಉದುರಿಸಿ, ಮುಚ್ಚಿ ಎರಡು ಮೂರು ನಿಮಿಷ ಇಡಿ. ಇಳಿಸಿದ ತಕ್ಷಣ ತಿನ್ನಬೇಕು. ಇಟ್ಟರೆ ಮೆತ್ತಗಾಗುತ್ತದೆ.

ಸಾಸ್ ಶನಿವಾರ ಬೆಳಿಗ್ಗೆಯೇ ಮಾಡಿಬಿಡಿ. ನಮ್ಮ ಸಂತೆಯ ಟೊಮೆಟೊದಲ್ಲಿ ನೀರು ಜಾಸ್ತಿ. ಒಂದು ಕೆಜಿ ಹಣ್ಣು ಹೆಚ್ಚಿ, ಎಣ್ಣೆಯಲ್ಲಿ ಆರೇಳು ಎಸಳು ಬಳ್ಳೊಳ್ಳಿ ಬಾಡಿಸಿ, ಉಪ್ಪು ಹಾಕಿ ನೀರು ಇಂಗುವ ತನಕ ಕುದಿಸಿ. ಚಮಚದಲ್ಲಿ ಎಳೆದರೆ ಪಾತ್ರೆಯ ತಳದಲ್ಲಿ ಗೆರೆ ಉಳಿಯಬೇಕು. ಒರೆಗಾನೊ ಇಲ್ಲದಿದ್ದರೆ ಚಿಂತೆ ಬೇಡ. ಅದರ ಪರಿಮಳ ಕೊಡುವ ಥೈಮಾಲ್ ಅನ್ನುವ ಅಂಶ ನಮ್ಮ ಓಮಿನಕಾಳಿನಲ್ಲೂ ಇದೆ. ಒಂದು ಚಿಟಿಕೆ ಸಾಕು, ಜಾಸ್ತಿಯಾದರೆ ಕಹಿ. ಅಂಗಳದಲ್ಲಿ ದೊಡ್ಡಪತ್ರೆ ಇದ್ದರೆ ಒಂದೆರಡು ಎಲೆ ಸಣ್ಣಗೆ ಹೆಚ್ಚಿ ಹಾಕಿ. ಎಷ್ಟು ಹೊಂದುತ್ತದೆ ಅಂದರೆ ನಾನು ಈಗ ಒರೆಗಾನೊ ತರುವುದನ್ನೇ ಬಿಟ್ಟಿದ್ದೇನೆ.

ಉಳ್ಳಾಗಡ್ಡಿ, ಢಬ್ಬು ಮೆಣಸಿನಕಾಯಿ ಹಸಿಯಾಗಿ ಹಾಕಬೇಡಿ. ಮುಚ್ಚಿ ಬೇಯಿಸುವಾಗ ನೀರು ಬಿಟ್ಟು ತಳ ತೋಯಿಸುತ್ತವೆ. ಜೋರು ಉರಿಯಲ್ಲಿ ಎರಡು ನಿಮಿಷ ಬಾಡಿಸಿ ಇಟ್ಟುಕೊಳ್ಳಿ. ಇಳಿಸಿದ ಮೇಲೆ ಸ್ವಲ್ಪ ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿ ನೋಡಿ. ಇದು ನಮ್ಮ ಕಡೆಯ ಪಿಜ್ಜಾ ಅಂತ ಅಭಿಮಾನದಿಂದ ಹೇಳುತ್ತೇನೆ.

ಸೇಡಂರಸ್ತೆ_ಮನೆ

ಎಲ್ಲರಿಗೂ ಧನ್ಯವಾದ. ಅಕ್ಕ, ಅವ್ವನಿಗೆ ಖಡಕ್ ರೊಟ್ಟಿಯದ್ದೇ ಮಾಡುತ್ತೇವೆ. ಎರಡು ಸಂಶಯ. ಮೊಝರೆಲ್ಲಾ ಸಿಗದಿದ್ದರೆ ಪನ್ನೀರ್ ತುರಿದು ಹಾಕಬಹುದಾ? ಮತ್ತೆ ನಡುವೆ ಕರೆಂಟ್ ಹೋದರೆ?

ಬೀದರ್_ಭಟ್ಟಿ

ಪನ್ನೀರ್ ಕರಗುವುದಿಲ್ಲ ಸರ್. ಹಾಲನ್ನು ಹುಳಿ ಹಾಕಿ ಒಡೆಸಿ ಮಾಡಿದ್ದು ಅದು, ಎಷ್ಟು ಕಾಯಿಸಿದರೂ ಹಾಗೇ ನಿಲ್ಲುತ್ತದೆ. ಮೊಝರೆಲ್ಲಾ ಸಿಗದಿದ್ದರೆ ಪ್ರೊಸೆಸ್ಡ್ ಚೀಸ್ ತಗೊಳ್ಳಿ. ನೂಲು ಬರುವುದಿಲ್ಲ, ಆದರೆ ಕರಗುತ್ತದೆ. ಪನ್ನೀರನ್ನು ತುಂಡು ಮಾಡಿ ಖಾರ ಹಚ್ಚಿ ಮೇಲೆ ಇಡಿ, ಅದಕ್ಕೆ ಅದರದೇ ರುಚಿ ಇದೆ. ಹಂಚಿನಲ್ಲಿ ಮೇಲಿನಿಂದ ಬಿಸಿ ಇರುವುದಿಲ್ಲ, ಅದಕ್ಕೆ ಚೀಸ್ ಸಣ್ಣಗೆ ತುರಿಯಿರಿ. ಕೊನೆಯ ಒಂದು ನಿಮಿಷ ಮುಚ್ಚಳ ತೆಗೆದಿಡಿ. ಇಲ್ಲದಿದ್ದರೆ ಮುಚ್ಚಳದ ನೀರೆಲ್ಲ ಪಿಜ್ಜಾದ ಮೇಲೆ ತೊಟ್ಟಿಕ್ಕುತ್ತದೆ.

ಕರೆಂಟಿಗೆ ನಿಮ್ಮ ಗ್ಯಾಸ್ ಒಲೆಯೇ ಉತ್ತರ. ಓಟಿಜಿ ನಂಬಿದವರಿಗೆ ಆ ಭಯ. ಟಿವಿ ಮತ್ತು ವೈಫೈ ಡಬ್ಬಿ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಕೊಳ್ಳಿ. ಟಿವಿ ಮಾತ್ರ ಹಾಕಿ ವೈಫೈ ಮರೆಯುವವರೇ ಜಾಸ್ತಿ.

ಹಳೇ_ಗೋಲಿ (ಕಲಬುರಗಿ)

ಪಿಜ್ಜಾ ಗೊತ್ತಿಲ್ಲ ನನಗೆ, ಆಟ ಗೊತ್ತು. ಹಾಫ್‌ಟೈಮಿನಲ್ಲಿ ಜಾಹೀರಾತು ನೋಡುವ ಬದಲು ಮಕ್ಕಳಿಗೆ ಒಂದು ವಿಷಯ ಹೇಳಿ. ಫುಟ್‌ಬಾಲ್ ಅಂದರೆ ಇಂಗ್ಲೆಂಡು, ಸ್ಪೇನು ಅಂತ ನಮ್ಮ ಹುಡುಗರು ತಿಳಿದಿದ್ದಾರೆ. ಕಲಬುರಗಿ, ಬೀದರ್ ಎಲ್ಲ 1956ರ ನವೆಂಬರ್ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅದೇ ಹೈದರಾಬಾದಿನಲ್ಲಿ ಸೈಯದ್ ಅಬ್ದುಲ್ ರಹೀಮ್ ಅಂತ ಒಬ್ಬ ಮೇಷ್ಟ್ರು ಇದ್ದರು. ಅವರು ಕಲಿಸಿದ ಹೈದರಾಬಾದ್ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ನಮ್ಮ ಹಿರಿಯರು ರೇಡಿಯೋ, ಪೇಪರಿನಲ್ಲಿ ಹಿಂಬಾಲಿಸಿದ್ದು ಆ ತಂಡವನ್ನು.

ಅದೇ ರಹೀಮ್ ಸಾಹೇಬರು ದೇಶದ ತಂಡಕ್ಕೂ ಕೋಚ್. 1951ರ ಏಷ್ಯನ್ ಗೇಮ್ಸ್ ಚಿನ್ನ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿದ್ದು, ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದದ್ದು, ಕೊನೆಗೆ ನಾಲ್ಕನೇ ಸ್ಥಾನ. 1962ರಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ. ಆಗಲೇ ಅವರಿಗೆ ಕ್ಯಾನ್ಸರ್. ಮರುವರ್ಷ ತೀರಿಕೊಂಡರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಆವತ್ತು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು.

ಇಷ್ಟೆಲ್ಲ ಇದ್ದೂ ಇಲ್ಲಿ ಮೈದಾನ ಕಂಡರೆ ಮೊದಲು ಮೂರು ಸ್ಟಂಪ್ ನೆಡುತ್ತಾರೆ. ಕ್ರಿಕೆಟ್ ಆಡಲಿ, ನನಗೆ ಸಿಟ್ಟಿಲ್ಲ. ಆದರೆ ಟಿವಿ ಮುಂದೆ ಕೂತ ಮಕ್ಕಳಲ್ಲಿ ಒಬ್ಬರಾದರೂ ಭಾನುವಾರ ಬೆಳಿಗ್ಗೆ ಚೆಂಡು ಒದೆಯಲು ಹೊರಗೆ ಬರಬೇಕು ಅನ್ನುವುದು ನನ್ನ ಆಸೆ.

ಯಾದಗಿರಿ_ಅಕ್ಕ

ಕಾಕಾ, ಇದನ್ನು ಓದಿ ಮೈ ಜುಂ ಅಂದಿತು. ನಮ್ಮ ಮಗನಿಗೆ ಈಗಲೇ ಓದಿ ಹೇಳಿದೆ.

ಒಂದು ಸಹಾಯ ಬೇಕು. ನಮ್ಮ ಅತ್ತೆಯವರು ಆಸೆಯಿಂದ ಕೂರುತ್ತಾರೆ. ಆದರೆ ಆಫ್‌ಸೈಡ್ ಬಂದಾಗ "ಗೋಲು ಹೋಯ್ತಲ್ಲ, ಯಾಕೆ ಕೊಡಲಿಲ್ಲ?" ಅಂತ ಕೇಳುತ್ತಾರೆ. ಅವರಿಗೆ ತಿಳಿಯುವಂತೆ ಹೇಗೆ ಹೇಳಲಿ?

ಆಫ್‌ಸೈಡ್_ಅಲ್ಲ

ಅಕ್ಕ, ನೆಲದ ಮೇಲೆ ಬಟ್ಟಲು ಇಟ್ಟು ತೋರಿಸಿ. ನನ್ನ ಅಜ್ಜಿಗೆ ಹಾಗೇ ತೋರಿಸಿದ್ದು. ನಮ್ಮವನು ಪಾಸ್ ಒದ್ದ ಕ್ಷಣದಲ್ಲಿ ಆಟ ನಿಂತುಬಿಟ್ಟಿತು ಅಂದುಕೊಳ್ಳಿ. ಈಗ ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತ ಮುಂದೆ ನಿಂತಿರುವ ನಮ್ಮ ಆಟಗಾರನನ್ನು ನೋಡಿ. ಅವನಿಗೂ ಗೋಲ್ ಗೆರೆಗೂ ನಡುವೆ ಎದುರಾಳಿಗಳು ಇಬ್ಬರಾದರೂ ಇರಬೇಕು. ಒಬ್ಬ ಸಾಮಾನ್ಯವಾಗಿ ಗೋಲಿ, ಅಂದರೆ ಗೋಲು ಕಾಯುವವನು. ಇನ್ನೊಬ್ಬನ ಸಮಕ್ಕೆ ನಿಂತಿದ್ದರೂ ತಪ್ಪಲ್ಲ. ಅವನನ್ನು ದಾಟಿ ನಿಂತು ಚೆಂಡು ತಗೊಂಡರೆ ಆಫ್‌ಸೈಡ್. ಪಾಸ್ ಹೊರಟ ಮೇಲೆ ಓಡಿ ದಾಟಿದರೆ ಏನೂ ತೊಂದರೆ ಇಲ್ಲ. ಎಲ್ಲರಿಗೂ ಗೊಂದಲ ಆಗುವುದು ಇಲ್ಲೇ. ಥ್ರೋ, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಈ ನಿಯಮವೇ ಇಲ್ಲ.

ಒಬ್ಬ ಆಟಗಾರ ಗೋಲಿನ ಬಾಯಲ್ಲೇ ನಿಂತು ಚೆಂಡಿಗೆ ಕಾಯುತ್ತಾ ಇರಬಾರದು, ಅದಕ್ಕೇ ಈ ನಿಯಮ. ಇಷ್ಟು ಹೇಳಿದರೆ ಅಜ್ಜಿಯಂದಿರು ತಕ್ಷಣ ಒಪ್ಪುತ್ತಾರೆ.

ಸೇಡಂರಸ್ತೆ_ತಂಗಿ (ಕಲಬುರಗಿ)

ನಮಸ್ಕಾರ. ಅಣ್ಣ ಬರೆದಿದ್ದ ಆ ತಂಗಿ ನಾನೇ. ನಿನ್ನೆ ಸಂಜೆಯದ್ದು ಬರೆಯುತ್ತೇನೆ, ಮುಂದೆ ಮಾಡುವವರಿಗೆ ಅನುಕೂಲ ಆಗಲಿ.

ಹಿಟ್ಟು ಬೀದರ್ ಅಣ್ಣ ಹೇಳಿದಂತೆಯೇ. ನಾದಿದ್ದು ಅಣ್ಣ, ಉಂಡೆ ಮಾಡಿದ್ದು ಮಾವನ ಮಕ್ಕಳು. ಅರೆಬೇಯಿಸುವ ಕೆಲಸ ನಾನು ಮಾಡಿದೆ, 7 ಗಂಟೆಗೆ ಮುಗಿಯಿತು. ಮೊದಲ ನಾಲ್ಕನ್ನು 8 ಗಂಟೆಗೇ ಎಲ್ಲರೂ ತಿಂದೆವು. ಉಳಿದ ಐದರ ಮೇಲೆ ಏನೂ ಹಚ್ಚದೆ, ಸಾಸ್, ಚೀಸ್ ಎಲ್ಲವನ್ನೂ ಡಬ್ಬಿಗಳಲ್ಲಿ ಒಲೆ ಪಕ್ಕ ಜೋಡಿಸಿಟ್ಟಿದ್ದೆವು. ಸಾಸ್ ಮೊದಲೇ ಹಚ್ಚಿದರೆ ತಳ ನೆನೆಯುತ್ತದೆ, ಇದನ್ನು ನೆನಪಿಡಿ. ಹಾಫ್‌ಟೈಮ್ ಸೀಟಿ ಬಿದ್ದ ಕೂಡಲೇ ಎರಡೂ ಬರ್ನರ್ ಹೊತ್ತಿಸಿದವರು ಅಣ್ಣ ಮತ್ತು ಪಕ್ಕದ ಮನೆ ಕಾಕಾ. 15 ನಿಮಿಷದಲ್ಲಿ ಎರಡು ಹಂಚಿನ ಮೇಲೆ ನಾಲ್ಕು ಆದವು. ಐದನೆಯದು ಆಟ ಮುಗಿದ ಮೇಲೆ. ಹತ್ತು ಜನಕ್ಕೆ ಸಾಕಾಯಿತು.

ಆಟ ಪೂರ್ತಿ ನೋಡಿದೆ. ಇದನ್ನು ಬರೆಯುವಾಗ ಎಷ್ಟು ಖುಷಿ ಆಗುತ್ತಿದೆ ಅಂದರೆ, ಹೇಳಲು ಬರುವುದಿಲ್ಲ. ಫುಟ್‌ಬಾಲ್‌ನಲ್ಲಿ ಗೋಲು ಒಂದೇ ಅಲ್ಲ ನೋಡುವುದು. 60ನೇ ನಿಮಿಷದ ಹೊತ್ತಿಗೆ ಕೋಚ್ ಇಬ್ಬರನ್ನು ಬದಲಿಸಿದ. ಅಲ್ಲಿಂದ ಆಟ ಮೆಲ್ಲಗೆ ಬಲಗಡೆಗೆ ತಿರುಗಿತು. ಆ ಕಡೆ ಹಿಂದೆ ನಿಂತು ಕಾಯುವ ಆಟಗಾರ (ಬ್ಯಾಕ್) ಒಬ್ಬನೇ ಇಬ್ಬರನ್ನು ತಡೆಯಬೇಕಾಯಿತು, ಕಾಲು ಸೋತವು. ಗೋಲು ಬಂದದ್ದು ಅದಕ್ಕೇ. ನಡುನಡುವೆ ಎದ್ದು ಹೋಗುವವರಿಗೆ ಗೋಲು ಮಾತ್ರ ಕಾಣುತ್ತದೆ, ಅದು ಹೇಗೆ ಹುಟ್ಟಿತು ಅನ್ನುವುದು ಕಾಣುವುದಿಲ್ಲ. ನಾನು ಇಷ್ಟು ವರ್ಷ ಆ ಕಥೆಯ ತುಂಡುಗಳನ್ನೇ ನೋಡಿದ್ದು.

ಅವ್ವ ಖಡಕ್ ರೊಟ್ಟಿ ಪಿಜ್ಜಾ ಎರಡು ಸಲ ಹಾಕಿಸಿಕೊಂಡರು. ರಹೀಮ್ ಸಾಹೇಬರ ಕಥೆ ಕೇಳಿ ಪಕ್ಕದ ಮನೆ ಕಾಕಾ, ತಮ್ಮ ತಂದೆ ಹೈದರಾಬಾದಿನಲ್ಲಿ ಪೊಲೀಸ್ ತಂಡದ ಆಟ ನೋಡಿದ್ದರಂತೆ ಅಂತ ಹೇಳಿದರು. ಇಷ್ಟು ವರ್ಷ ಪಕ್ಕದಲ್ಲಿದ್ದೂ ಅದು ನಮಗೆ ಗೊತ್ತಿರಲಿಲ್ಲ.

ಕೋಟೆ_ಹುಡುಗ

ಬೋರಲು ಹಂಚು ಚೆನ್ನಾಗಿ ಕೆಲಸ ಮಾಡಿತು, ಫರ್ಶಿ ಸರ್‌ಗೆ ಧನ್ಯವಾದ. ಅಕ್ಕ, 2026ರ ಜೂನ್‌ನಲ್ಲಿ ವಿಶ್ವಕಪ್ ಇದೆಯಲ್ಲ, ಆಗ ಏನು ಮಾಡುವುದು? ಅಮೆರಿಕಾದ ಹೊತ್ತು ನಮಗೆ ರಾತ್ರಿಯೆಲ್ಲ ಆಗುತ್ತದೆ.

ಸೇಡಂರಸ್ತೆ_ತಂಗಿ

ಹೌದು ತಮ್ಮಾ. 2026ರದ್ದು ಅಮೆರಿಕಾ, ಕೆನಡಾ, ಮೆಕ್ಸಿಕೋ ಮೂರೂ ಕಡೆ. 48 ತಂಡ, 104 ಮ್ಯಾಚ್. ಎಲ್ಲ ನೋಡಲು ಆಗುವುದಿಲ್ಲ. ಆಗ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ತಾಸು ಹಿಂದೆ ಇರುತ್ತದೆ. ಅಲ್ಲಿ ಮಧ್ಯಾಹ್ನ 12ರ ಆಟ ಇದ್ದರೆ ನಮಗೆ ರಾತ್ರಿ 9:30, ಅಂಥವು ಮಕ್ಕಳಿಗೂ ಸರಿ. ಫೈನಲ್ ಜುಲೈ 19ರಂದು ಅಲ್ಲಿ ಮಧ್ಯಾಹ್ನ 3ಕ್ಕೆ. ನಮಗೆ ಭಾನುವಾರ ರಾತ್ರಿ ಕಳೆದು 12:30.

ಆ ಹೊತ್ತಿಗೆ ಯಾರಿಗೂ ಹೊಟ್ಟೆ ತುಂಬ ಪಿಜ್ಜಾ ಬೇಡ. ಭಾನುವಾರ ರಾತ್ರಿ 9ಕ್ಕೆ ಊಟ ಮಾಡಿ ಮಕ್ಕಳು ಮಲಗಲಿ, 12:15ಕ್ಕೆ ಎಬ್ಬಿಸೋಣ. ಸಣ್ಣ ಸಣ್ಣ ಪಿಜ್ಜಾ ಮಾಡೋಣ, ಅದೂ ಹಾಫ್‌ಟೈಮಿಗೆ ಮಾತ್ರ. ಹಿಟ್ಟು ಶನಿವಾರ ರಾತ್ರಿ ಫ್ರಿಜ್ಜಿಗೆ ಹೋಗಬೇಕು. ಮಳೆಗಾಲ, ಉಂಡೆ ಉಬ್ಬಲು ಒಂದೂವರೆ ತಾಸು ಸಾಕಾಗಬಹುದು. ಎಕ್ಸ್‌ಟ್ರಾ ಟೈಮ್ ಬಂದರೆ ಇನ್ನೂ 30 ನಿಮಿಷ, ಆಮೇಲೆ ಪೆನಾಲ್ಟಿ. ಅದಕ್ಕೆ ಫ್ಲಾಸ್ಕಿನಲ್ಲಿ ಚಹಾ ಮೊದಲೇ ತುಂಬಿಟ್ಟಿರಬೇಕು. ಸೋಮವಾರ ಬೆಳಿಗ್ಗೆ ಶಾಲೆ, ಆಫೀಸು ಇರುವವರು ಈಗಲೇ ಯೋಚಿಸಿ. ಹಾಫ್‌ಟೈಮಿನಲ್ಲಿ ಹಂಚಿನ ಮುಂದೆ ನಿಲ್ಲಲು ಇಬ್ಬರು ಬೇಕು. ಒಂದು ಅಣ್ಣ. ಇನ್ನೊಬ್ಬರು ಯಾರು ಅಂತ ಕೆಳಗೆ ಬರೆಯಿರಿ.

ಹಳೇ_ಗೋಲಿ

ನಾನು ಬರುತ್ತೇನಮ್ಮಾ. ಹಂಚಿನ ಕೆಲಸ ಅಷ್ಟರಲ್ಲಿ ಕಲಿತುಕೊಳ್ಳುತ್ತೇನೆ.